ಎದೆಬಡಿತ ಇಳಿಯುವ ತನಕ

ಆಪಾಳ ಬಲಗೈ ಬೆರಳ ತುದಿಗಳು ಮೆಹಂದಿಯಿಂದ ಸದಾ ಕೆಂಪಗಿರುತ್ತಿದ್ದವು. ಬಡಿತದ ಲೆಕ್ಕ ಯಂತ್ರದ ಪರದೆಯ ಮೇಲೆಯೇ ಕಾಣುತ್ತಿದ್ದರೂ ಆಕೆ ಆ ಬೆರಳುಗಳನ್ನು ರೋಗಿಯ ನಾಡಿಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದಳು. ಸಿಂಧನೂರಿನ ಸ್ಕ್ಯಾನ್ ಸೆಂಟರಿನಲ್ಲಿ ಹೃದಯದ ಸಿ.ಟಿ. ತೆಗೆಯುವುದನ್ನು ನನಗೆ ಕಲಿಸಿದವಳು ಆಕೆ; ನಮಗೆಲ್ಲ ಆಪಾ, ಅಂದರೆ ಅಕ್ಕ. ಮಸ್ಕಿಯಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ನನ್ನನ್ನು ‘ಬೇಟಾ’ ಎಂದೇ ಕರೆಯುತ್ತಿದ್ದಳು.

ಎದೆ ಜೋರಾಗಿ ಬಡಿದರೆ ಚಿತ್ರ ಅಲುಗಾಡುತ್ತದೆ. ಎಕ್ಸ್-ರೇ ಕಿರಣ ಹೆಚ್ಚಿಸಿ, ಬಡಿತದುದ್ದಕ್ಕೂ ಚಿತ್ರದ ಮೇಲೆ ಚಿತ್ರ ತೆಗೆದರೆ ಒಂದಾದರೂ ನೆಟ್ಟಗೆ ಸಿಕ್ಕೀತು. ಆದರೆ ಆ ಕಿರಣವೆಲ್ಲ ರೋಗಿಯ ಮೈಗೇ ತಾನೆ? ಆಪಾ ಅದಕ್ಕೆ ಸುತರಾಂ ಒಪ್ಪುತ್ತಿರಲಿಲ್ಲ. ಬಡಿತ ಇಳಿಯುವ ತನಕ ಬೆಂಚಿನ ಮೇಲೆ ಕೂರಿಸುತ್ತಿದ್ದಳು.

ಚಹಾ ಕುಡಿದರೆ ಬಡಿತ ಏರುತ್ತದೆ, ಉಪವಾಸ ಬನ್ನಿ ಎಂದು ಮೊದಲೇ ಹೇಳಿದರೂ ನಮ್ಮ ಕಡೆಯವರಿಗೆ ಚಹಾ ಉಪವಾಸದ ಲೆಕ್ಕಕ್ಕೇ ಬರುವುದಿಲ್ಲ. ಒಮ್ಮೆ ವಳಕಮದಿನ್ನಿಯ ಹೆಂಗಸೊಬ್ಬಳು ಬಂದಳು.

“ಉಪಾಸ ಬಂದೀಯೇನವ್ವಾ?” ಎಂದಳು ಆಪಾ.

“ಹೌದ್ರಿ, ಒಂದು ತುತ್ತೂ ಬಾಯಾಗ ಇಟ್ಟಿಲ್ಲ.”

“ಚಾ?”

“ಚಾ ಕುಡದೀನ್ರಿ. ಚಾಕ್ಕ ಉಪಾಸ ಕೆಡತೈತೇನ್ರಿ?”

ನಾನು ನಕ್ಕುಬಿಟ್ಟೆ. ಆಪಾ ನಗಲಿಲ್ಲ, ಬೆಂಚು ತೋರಿಸಿದಳು. ಜೊತೆಗೆ ಬಂದಿದ್ದ ಅವಳ ಗಂಡ ಗೊಣಗಿದ: “ಕಿರಣ ಜಾಸ್ತಿ ಹಾಕಿ ಮುಗಸಿಬಿಡ್ರಿ, ಬಸ್ಸು ಹೋಗತೈತಿ.”

“ಬಸ್ಸು ಇನ್ನೊಂದು ಬರತೈತಿ. ಮೈಯಾಗ ಹೋದದ್ದು ತಿರುಗಿ ಬರಂಗಿಲ್ಲ” ಎಂದು ಆಪಾ ಅವನನ್ನೂ ಕೂರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಡಾಕ್ಟರಿಗೆ ಬೇಕಾದಷ್ಟು ಕಂಡರ ಸಾಕು ಬೇಟಾ. ಗ್ವಾಡಿಗೆ ಹಾಕೋ ಫೋಟೋ ಅಲ್ಲ ಇದು” ಎಂದಳು.

ಹೋದ ವರ್ಷ ಆಪಾಳಿಗೇ ಎದೆನೋವು ಬಂತು. ಮೇಜಿನ ಮೇಲೆ ಆಕೆ ಮಲಗಿದಳು, ಗುಂಡಿ ಒತ್ತುವವಳು ನಾನು. ಬೆಳಗಿನಿಂದ ಆಪಾ ಚಹಾ ಮುಟ್ಟಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು, ಸಂಜೆಯ ತನಕ ಕಾದೆವು. ಬಡಿತ ಇಳಿಯಲೇ ಇಲ್ಲ. ಕಡಿಮೆ ಕಿರಣದಲ್ಲಿ ತೆಗೆದ ಚಿತ್ರ ಪೂರ್ತಿ ಕದಡಿತ್ತು.

“ಏರಸು ಬೇಟಾ.”

“ಬ್ಯಾಡ ಆಪಾ, ನಾಳೆ ನೋಡೋಣು.”

“ಎಲ್ಲಾರದೂ ಉಳಿಸೀನಿ. ನಂದು ಖರ್ಚು ಮಾಡು. ನನಗ ಖರೇ ಗೊತ್ತಾಗಬೇಕು.”

ಡಾಕ್ಟರೂ ಹೂಂ ಎಂದರು. ಏರಿಸಿದೆ.

ಆಪಾ ಎದ್ದು ಬಂದು ಪರದೆಯ ಮುಂದೆ ಕುರ್ಚಿ ಎಳೆದುಕೊಂಡಳು. ಈ ಸಲ ಚಿತ್ರ ನಿಚ್ಚಳವಾಗಿತ್ತು. ಹೃದಯದ ರಕ್ತನಾಳಗಳು ಒಂದೂ ಬಿಡದೆ ತುದಿಯ ತನಕ ಕಟ್ಟುತ್ತ ಬಂದಿದ್ದವು. ಆಕೆಗೆ ಸುಳ್ಳು ಹೇಳುವುದಾದರೂ ಹೇಗೆ?

“ಚಿತ್ರ ಚಂದ ಬಂದೈತಿ” ಎಂದಳು. ಕುರ್ಚಿ ಹಿಂದಕ್ಕೆ ಸರಿಸಿ, “ಒಂದು ಕಪ್ ಚಾ ತರಸು. ಇನ್ನೇನೂ ಅಡ್ಡಿಯಿಲ್ಲ” ಎಂದಳು.

ದೊಡ್ಡ ಆಸ್ಪತ್ರೆಯವರು ಅದನ್ನು ನೋಡಿ, ಆಪರೇಷನ್ ಮಾಡಿ ಹೊಸ ನಾಳ ಜೋಡಿಸಲು ಜಾಗವೇ ಉಳಿದಿಲ್ಲ ಎಂದು ವಾಪಸು ಕಳಿಸಿದರು. ಮುಂದಿನ ರಂಜಾನಿಗೆ ಆಪಾ ಇರಲಿಲ್ಲ.

ಈಗಲೂ ರೋಗಿಯ ನಾಡಿಯ ಮೇಲೆ ಬೆರಳಿಡುತ್ತೇನೆ, ಬೆಂಚಿನ ಮೇಲೆ ಕೂರಿಸುತ್ತೇನೆ. ಅದು ಆಕೆ ಕೊಟ್ಟದ್ದು. ಆದರೆ ಯಾಕೆ ಕಾಯುತ್ತಿದ್ದೇನೆ ಎಂದು ಕೆಲವು ದಿನ ನನಗೇ ತಿಳಿಯುವುದಿಲ್ಲ. ನನ್ನ ಕೈಯಲ್ಲಿ ಬಂದ ಚಿತ್ರಗಳಲ್ಲೆಲ್ಲ ಆಪಾಳದೇ ಅತ್ಯಂತ ಸ್ಪಷ್ಟವಾದದ್ದು. ಅದರಿಂದ ಏನೂ ಆಗಲಿಲ್ಲ.