ಎಲ್ಲಮ್ಮ ಸೂಜಿ ಬೇಡವೆಂದ ದಿನ

ಸಿರುಗುಪ್ಪ ಸೀಮೆಯಲ್ಲಿ ಹಂಪಕ್ಕನ ನಾಟಿ ಗುಂಪೆಂದರೆ ಗೊತ್ತಿಲ್ಲದ ಗದ್ದೆಯಿಲ್ಲ. ಹನ್ನೊಂದು ಹೆಂಗಸರು, ಒಂದೇ ಸಾಲು, ಒಂದೇ ಬಾಗು. ಸಾಲಿನ ಎಡತುದಿಯಲ್ಲಿ ತೆಕ್ಕಲಕೋಟೆಯ ಎಲ್ಲಮ್ಮ. ಅವಳು ಎಡಚಿ, ಬದುವಿನ ಮೂಲೆಗೆ ಅವಳ ಕೈ ಹೋದಂತೆ ಇನ್ನೊಬ್ಬರ ಕೈ ಹೋಗದು.

ಗುಂಪಿಗೊಂದು ಕಟ್ಟಳೆ ಇತ್ತು. ನಾಟಿ ಕಾಲದಲ್ಲಿ ಒಬ್ಬಳು ಬಸುರಾದರೆ ಸಾಲು ಮುರಿಯಿತೆಂದೇ ಲೆಕ್ಕ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಹಂಪಕ್ಕ ಹರೆಯದವರನ್ನೆಲ್ಲ ಒಂದೇ ಆಟೋದಲ್ಲಿ ತುಂಬಿ, ಸರ್ಕಾರಿ ಆಸ್ಪತ್ರೆಗೆ ಒಯ್ದು, ಮಕ್ಕಳಾಗದ ಸೂಜಿ ಹಾಕಿಸುವಳು. ಎಲ್ಲಮ್ಮನಿಗೂ ಅದೇ ಒಪ್ಪಿತ್ತು. ಎರಡು ಗಂಡುಮಕ್ಕಳಾದ ಮೇಲೆ ಅತ್ತೆ ಆಪರೇಷನ್ ಮಾತೆತ್ತಿದಾಗ, "ಬಾಗಿಲಿಗೆ ಚಿಲಕ ಹಾಕಿದ್ರ ಸಾಕತ್ತಿ, ಗ್ವಾಡಿ ಯಾಕ ಕಟ್ಟಬೇಕು?" ಎಂದಿದ್ದಳು.

ಚಿಲಕ ತೆಗೆಯುವ ಆಸೆ ಹುಟ್ಟಿದ್ದು ಕಿರಿಯವನ ಜವಳದ ದಿನ. ಹರಕೆಗೆಂದು ಮೂರು ವರ್ಷ ಬಿಟ್ಟ ಕೂದಲಿಗೆ ಅವಳು ದಿನಾ ಎಣ್ಣೆ ಹಚ್ಚಿ, ಹೆಣೆದು, ಕೆಂಪು ಟೇಪು ಕಟ್ಟುತ್ತಿದ್ದಳು. ಕ್ಷೌರದ ಕತ್ತಿ ಆಡಿದ ಮೇಲೆ ಹುಡುಗ ಬೋಳುತಲೆ ಸವರಿಕೊಂಡು ಕುಣಿದ. ಎಲ್ಲಮ್ಮನ ಕೈಗೆ ಕೆಲಸವೇ ಇಲ್ಲ. ಒಂದು ದಿನ ಎಮ್ಮೆಯ ಬಾಲ ಹೆಣೆದು ಒದೆಸಿಕೊಂಡಳು. ಮಗಳು ಬೇಕು ಎಂದು ಅವಳಿಗೆ ಗೊತ್ತಾದದ್ದು ಆಗಲೇ.

ಸೂಜಿಯ ದಿನ ಬೆಳಿಗ್ಗೆ ಗಂಡ ಹುಲಿಗೇಶನಿಗೆ ಹೇಳಿದಳು. "ನಿನ್ನ ಮೈ, ನಿನ್ನ ಮಾತು" ಎಂದವನು ಖುಷಿಯಲ್ಲಿ ಮೈಮರೆತು ರೊಟ್ಟಿಯನ್ನು ನೀರಿನ ಲೋಟದಲ್ಲಿ ಅದ್ದಿ ತಿಂದ. ಉಳಿದದ್ದು ಹಂಪಕ್ಕ. ಬೇಡವೆಂದರೆ ಸಾಲಿನ ತುದಿ ಬೇರೆಯವಳ ಪಾಲಾದೀತು. ಬೇಕೆಂದರೆ ಮಗಳು ಇನ್ನೂ ದೂರ.

ಆಸ್ಪತ್ರೆಯ ಸಾಲು ಸರಿದು ಎಲ್ಲಮ್ಮನ ಸರದಿ ಬಂತು. ನರ್ಸ್ ಸಂಘಮಿತ್ರಾ ತೋಳು ಹಿಡಿದಾಗ ಕಿಸಕ್ಕನೆ ನಕ್ಕುಬಿಟ್ಟಳು.

"ಬ್ಯಾಡ್ರಿ ಸಿಸ್ಟರ್. ನನಗ ಮಗಳು ಬೇಕಾಗ್ಯಾಳ."

ಬಾಗಿಲ ಬಳಿಯಿದ್ದ ಹಂಪಕ್ಕ ಒಳಗೆ ನುಗ್ಗಿದಳು. "ಏನಂದೀ? ನಾಟಿ ಹೊಸ್ತಿಲಿಗೆ ಬಂದೈತಿ, ಈಕಿಗಿ ಮಗಳಂತ."

ಹಿಂದೆ ನಿಂತಿದ್ದ, ಗುಂಪಿನವಳೇ ಆದ ಜಡೆಮ್ಮ ತೋಳೇರಿಸಿದಳು. "ಆಕಿ ಪಾಲಿಂದೂ ನನಗಾ ಹಾಕ್ರಿ ಸಿಸ್ಟರ್. ನನಗ ಆಗ್ಲೇ ನಾಕು ಮಕ್ಕಳು ಅದಾವು."

"ಒಬ್ರ ಪಾಲು ಒಬ್ರಿಗೆ ಹಾಕಾಕ ಬರಂಗಿಲ್ಲಮ್ಮ," ಎಂದಳು ಸಂಘಮಿತ್ರಾ. "ಬೇಕಂದಾಕಿಗೆ ಹಾಕ್ತೀನಿ, ಬ್ಯಾಡಂದಾಕಿಗೆ ಇಲ್ಲ. ಮತ್ತ ಹಂಪಕ್ಕ, ಈ ಸೂಜಿ ಬಿಟ್ಟ ಮ್ಯಾಲೆ ಬಸುರು ನಿಲ್ಲಾಕ ಏಳೆಂಟು ತಿಂಗಳಾದ್ರೂ ಹಿಡೀತಾವು ಬಾಳ ಮಂದಿಗೆ."

ಹಂಪಕ್ಕ ಬೆರಳ ಗೆಣ್ಣು ಎಣಿಸಿದಳು. ಮತ್ತೆ ಎಣಿಸಿದಳು. ಮುಖ ಸಡಿಲಾಯಿತು.

"ಹಂಗಾದ್ರ ಮುಂಗಾರು ನಾಟಿ ನಮ್ಮದು. ಬ್ಯಾಸಗಿ ನಾಟೀನೂ ಹೆಚ್ಚುಕಮ್ಮಿ ನಮ್ಮದ. ಲೇ ಎಲ್ಲಮ್ಮ, ಸಾಲಿನ ತುದಿ ನಿಂದಾ ಐತಿ. ಹೆತ್ತು, ಬಾಣಂತನ ಮುಗಿಸ್ಕೊಂಡು ಬಾ."

ಎಲ್ಲಮ್ಮ ಅಲ್ಲೇ ಅವಳನ್ನು ತಬ್ಬಿ ಗಿರಗಿರನೆ ತಿರುಗಿಸಿದಳು. ಹಂಪಕ್ಕನ ಸೆರಗು ಸಿಕ್ಕಿ ಔಷಧಿ ತಟ್ಟೆ ಉರುಳಿತು. ಸಂಘಮಿತ್ರಾ ಇಬ್ಬರನ್ನೂ ಹೊರಗಟ್ಟಿದಳು.

ತಿರುಗಿ ಬರುವಾಗ ಆಟೋದಲ್ಲಿ ಹಂಪಕ್ಕನಿಗೆ ಸಂಶಯ ಬಂತು. "ಅಲ್ಲಲೇ, ಮತ್ತ ಗಂಡಾದ್ರ?"

"ಆದ್ರ ಆಗ್ಲಿ. ಸೀರಿ ಕಚ್ಚೆ ಹಾಕಿಸಿ ನಾಟಿಗಿ ಹಚ್ತೀನಿ."

ಗಂಡಸೊಬ್ಬ ತಮ್ಮ ಸಾಲಿನಲ್ಲಿ ಬಾಗಿ ನಿಲ್ಲುವುದನ್ನು ಊಹಿಸಿಕೊಂಡು ಹಂಪಕ್ಕ ನಕ್ಕಳು, ಜಡೆಮ್ಮ ಅವಳ ಮೇಲೆ ಬಿದ್ದು ನಕ್ಕಳು, ಆಟೋ ಒಂದು ಬದಿಗೆ ವಾಲಿತು. ಡ್ರೈವರ್ ದುರುಗಪ್ಪ ಕಾಲುವೆ ದಂಡೆಯಲ್ಲಿ ಗಾಡಿ ನಿಲ್ಲಿಸಿದ.

"ಇಳೀರಿ ಎಲ್ಲಾರೂ. ನಕ್ಕು ಮುಗಿಸಿ ಹತ್ರಿ."