ತಗಡಿನ ಮೇಲಿನ ಕೆಂಪು ಎಳೆಗಳು

ಆಯುಧಪೂಜೆಯ ಮಾರನೆಯ ದಿನ. ಬೀದಿಯಲ್ಲಿ ನಿಂತಿದ್ದ ಲಾರಿಯಿಂದ ಹಸಿ ಬಾಳೆದಿಂಡಿನ ವಾಸನೆ ಬಂತು. ಹಾಲು ತರಲು ಹೋಗಿದ್ದ ನಾನು ತುಂಬಿದ ಪಾತ್ರೆ ಹಿಡಿದು ಅಲ್ಲೇ ನಿಂತುಬಿಟ್ಟೆ...

ಎಂಬತ್ತರ ದಶಕದ ಮೊದಲ ವರ್ಷಗಳು. ಕಾಲೇಜು ಮುಗಿಸಿ ಹೊಸೂರಿಗೆ ಬಂದ ನಾನು ಮೂಕಂಡಪಲ್ಲಿಯ ವಠಾರವೊಂದರಲ್ಲಿ ಕೋಣೆ ಹಿಡಿದಿದ್ದೆ. ಪಕ್ಕದ ಕೋಣೆಯವರು ನಾನು ಸೇರಿದ್ದ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲೇ ನಕ್ಷೆ ಬರೆಯುತ್ತಿದ್ದರು. ನನ್ನ ತಂದೆಯ ವಯಸ್ಸಿಗೆ ಹತ್ತಿರದವರು, ಒಂಟಿ. ಊರು ಯಾವುದೆಂದು ಕೇಳಿದರೆ "ಈಗ ಇದೇಯಪ್ಪ" ಎಂದು ಮಾತು ಮುಗಿಸುತ್ತಿದ್ದರು.

ಅವರ ಕೋಣೆಯಲ್ಲಿ ಮಂಚದಷ್ಟೇ ಉದ್ದದ ತಗಡಿನ ತೊಟ್ಟಿ ಇತ್ತು. ಒಂದು ತುದಿಯಿಂದ ನೀರು ಹರಿಸಿ, ರಾಗಿ ಹೊಟ್ಟು ಉದುರಿಸಿ, ನಡುವೆ ಲಾರಿಯಾಕಾರದ ಮರದ ತುಂಡನ್ನು ಮಲಗಿಸುತ್ತಿದ್ದರು. ನೀರನ್ನೇ ಗಾಳಿ ಎಂದುಕೊಳ್ಳಬೇಕು. ತುಂಡಿನ ಹಿಂದೆ ಹೊಟ್ಟು ಸುಳಿ ಸುತ್ತುತ್ತಿತ್ತು. "ಈ ಸುಳೀನೇ ಲಾರೀನ ಹಿಂದಕ್ ಎಳೆಯೋದು. ಡೀಸಲ್ ಕುಡಿಯೋ ದೆವ್ವ ಕಣ್ಲಾ" ಎನ್ನುತ್ತಿದ್ದರು. ಕ್ಯಾಬಿನ್ನಿನ ನೆತ್ತಿಗೆ ಇಳಿಜಾರಾಗಿ ತಗಡಿನ ಚೂರು ಸಿಕ್ಕಿಸಿದರೆ ಹೊಟ್ಟು ಗೆರೆ ಎಳೆದಂತೆ ಜಾರಿ ಹೋಗುತ್ತಿತ್ತು. ಹರಿವು ಕೆಟ್ಟರೆ ಗಾಳಿ ಅದೇ ತಗಡನ್ನು ಮೇಲಕ್ಕೆತ್ತುತ್ತದೆ ಎಂದೂ ತೋರಿಸಿದ್ದರು. ಸಂಜೆಗಳು ಹೀಗೆ ಕಳೆಯುತ್ತಿದ್ದವು. ನೀರಿನ ಸದ್ದು ಮಾತ್ರ. ಆ ಊರಲ್ಲಿ ನನಗೂ ಬೇರೆ ಯಾರೂ ಇರಲಿಲ್ಲ.

ನಿಜವಾದ ಲಾರಿಯ ಮೇಲೆ ತಗಡು ಕೂರಿಸಿ ನೋಡಲು ಶೆಡ್ಡಿನ ಯಜಮಾನರು ಕೊನೆಗೂ ಒಪ್ಪಿದರು. ಮರುದಿನ ಗಾಡಿ ಕೊಂಡವನಿಗೆ ಸೇರಬೇಕು; ಸಿಕ್ಕಿದ್ದು ಒಂದೇ ಮಧ್ಯಾಹ್ನ. ಪಕ್ಕದ ಕೋಣೆಯವರು ತಮ್ಮ ಕೆಂಪು ಸ್ವೆಟರಿನ ಒಂದು ತೋಳು ಬಿಚ್ಚಿ, ಉಣ್ಣೆಯ ಎಳೆಗಳನ್ನು ತಗಡಿನ ಮೇಲೆಲ್ಲ ಅಂಟಿಸಿದರು. ಎಳೆ ಹಿಂದಕ್ಕೆ ಮಲಗಿದ್ದರೆ ಗಾಳಿ ನೆಟ್ಟಗಿದೆ. ಮುಂದಕ್ಕೆ ತಿರುಗಿದರೆ ಅಪಾಯ.

ಹಿಂದಿನ ದಿನವಷ್ಟೇ ಆಯುಧಪೂಜೆ. ಕ್ಯಾಬಿನ್ನಿನ ಎರಡೂ ಪಕ್ಕ ಆಳೆತ್ತರದ ಬಾಳೆಕಂದು ಕಟ್ಟಿತ್ತು. ಬಿಚ್ಚು ಎಂದು ಅವರು ಹೇಳಿದರೂ ಡ್ರೈವರ್ ಕದಲಲಿಲ್ಲ.

"ನಿನ್ನೆ ಕಟ್ಟಿದ್ದ ಇವತ್ತೇ ಕೀಳಕಾಯ್ತದಾ ಸಾರ್? ನಿಮ್ ತೊಟ್ಟಿಗೆ ನಾನೇನಾದ್ರೂ ಕೈ ಹಾಕಿದ್ನಾ?"

ಶೆಡ್ಡಿನವರೆಲ್ಲ ನಕ್ಕರು. ಅವರೂ ನಕ್ಕರು. "ಆಯ್ತು ಬಿಡ್ಲಾ, ನಿನ್ ಮದುಮಗಳ್ನ ಹಂಗೇ ಕರ್ಕೊಂಡೋಗಾನ."

ತೊಟ್ಟಿಯ ಮರದ ಲಾರಿಗೆ ನಾವು ಎಂದೂ ಬಾಳೆಕಂದು ಕಟ್ಟಿ ನೋಡಿರಲಿಲ್ಲ.

ಹಿಂದಿನ ತೆರೆದ ಬಾಡಿಯಲ್ಲಿ ಮರಳು ಚೀಲಗಳ ಮೇಲೆ ನಾವಿಬ್ಬರೂ ನಿಂತಿದ್ದೆವು, ತಗಡಿನ ಮೇಲ್ಭಾಗ ಕಾಣುವಂತೆ. ಸೂಳಗಿರಿ ರಸ್ತೆಯ ಇಳಿಜಾರಿನವರೆಗೆ ಎಳೆಗಳೆಲ್ಲ ಮಲಗಿದ್ದವು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಅದಕ್ಕೂ ಮೊದಲು ನೋಡಿರಲಿಲ್ಲ. ಕ್ಯಾಬಿನ್ ತಟ್ಟಿ "ಇನ್ನೊಸಿ ತುಳೀಲಾ" ಎಂದರು.

ವೇಗ ಏರಿತು. ಬಾಳೆಕಂದುಗಳು ಹುಚ್ಚು ಹಿಡಿದಂತೆ ಒದ್ದಾಡಿದವು. ಅವುಗಳ ಹಿಂದೆ, ಎಡ ಅಂಚಿನಲ್ಲಿ, ಎಳೆಗಳು ಒಂದೊಂದಾಗಿ ಮುಂದಕ್ಕೆ ತಿರುಗಿದವು. ತಗಡು ನಡುಗಿತು. ಅವರು ನೋಡಿದರು, ನಾನೂ ನೋಡಿದೆ. ನಿಲ್ಲಿಸಲು ಕ್ಯಾಬಿನ್ ಬಡಿಯುತ್ತಾರೆ ಎಂದುಕೊಂಡೆ. ಬಡಿಯಬೇಕಿದ್ದ ಆ ಕೈ ನನ್ನ ತಲೆಯ ಮೇಲೆ ಬಿತ್ತು, ಬಲವಾಗಿ ಕೆಳಕ್ಕೆ ಒತ್ತಿತು.

"ಕೂತ್ಕಳ್ಳಾ."

ಬೋಲ್ಟು ಕಿತ್ತ ಸದ್ದು... ಮೇಲೆ ನೆರಳೊಂದು ಹಾದುಹೋಯಿತು. ತಲೆಯೆತ್ತಿದಾಗ ಅವರು ತಗಡಿನ ಏಟಿಗೆ ಚೀಲಗಳ ಮೇಲೆ ಬಿದ್ದಿದ್ದರು. ಗಾಡಿ ತಿರುಗಿಸಿ ಹೊಸೂರಿನ ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು.

ಅವರ ಕಡೆಯವರೆಂದು ಯಾರೂ ಬರಲಿಲ್ಲ. ತೊಟ್ಟಿಯನ್ನು ವಠಾರದವರು ದನಗಳಿಗೆ ನೀರಿಡಲು ಒಯ್ದರು. ಒಂದೇ ತೋಳಿನ ಸ್ವೆಟರು ಬಹಳ ದಿನ ಮೊಳೆಯಲ್ಲೇ ತೂಗಾಡುತ್ತಿತ್ತು. ಗೋಡೆಯಾಚೆ ನೀರಿನ ಸದ್ದಿಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಆ ಎಳೆಗಳು ತಿರುಗುವುದನ್ನು ಇಷ್ಟು ವರ್ಷ ಎಷ್ಟು ಸಲ ನೋಡಿದ್ದೇನೋ. ಪ್ರತಿ ಸಲವೂ ಅವರು ಕ್ಯಾಬಿನ್ ಬಡಿಯಲಿ ಎಂದು ಕಾಯುತ್ತೇನೆ...

ಬೀದಿಯ ಲಾರಿ ಹೊರಟಿತು. ಬಾಳೆಯ ಎಲೆಗಳು ಪಟಪಟನೆ ಬಡಿಯುತ್ತ ಪಕ್ಕದಲ್ಲೇ ಹಾದಾಗ ನನ್ನ ತಲೆ ತಾನಾಗಿ ತಗ್ಗಿತು. ಪಾತ್ರೆಯ ಹಾಲು ಕಾಲ ಮೇಲೆ ಚೆಲ್ಲಿತು. ತಲೆಯ ಮೇಲೆ ಕೈ ಇರಲಿಲ್ಲ.