ಪದ ತುಂಬುವವರೆಗೆ ಔಷಧಿ ಇಲ್ಲ

ತಾಕ್ವಾರೆಂಬೋ ಎಂಬ ನಮ್ಮೂರಿನಲ್ಲಿ ದನಕರುಗಳ ಔಷಧಿ ಅಂಗಡಿ ಇಟ್ಟಿದ್ದ ಎದಿಸೋನ್ ಇರಿಗಾರಾಯ್‌ಗೆ ಐವತ್ತು ದಾಟಿದ ಮೇಲೆ ಕಾದಂಬರಿಕಾರನಾಗುವ ಹುಚ್ಚು ಹಿಡಿಯಿತು. ಅದನ್ನು ತಪ್ಪೆನ್ನಲಾರೆ. ಆ ವಯಸ್ಸಿಗೆ ನಮ್ಮೂರಿನ ಗಂಡಸರಿಗೆ ಏನಾದರೊಂದು ಹಿಡಿಯುತ್ತದೆ. ಕೆಲವರಿಗೆ ಕುದುರೆ ಜೂಜು, ಕೆಲವರಿಗೆ ಪಕ್ಕದ ಮನೆಯವಳು. ಅವನ ಅಂಗಡಿಯ ಎದುರಿಗೇ ನನ್ನ ಬೇಕರಿ ಇರುವುದರಿಂದ ಇವನ ಹುಚ್ಚನ್ನು ಮೊದಲಿನಿಂದಲೂ ಕಂಡವನು ನಾನು.

ಕಾದಂಬರಿ ಬರೆಯಲೆಂದೇ ಮಾಡಿದ ಸಾಫ್ಟ್‌ವೇರ್ ಒಂದನ್ನು ಅವನು ಅಂಗಡಿಯ ಕಂಪ್ಯೂಟರಿಗೆ ಹಾಕಿಸಿಕೊಂಡ. ಅದರಲ್ಲಿ ಒಂದೊಂದು ಪಾತ್ರಕ್ಕೂ ಒಂದೊಂದು ಚೀಟಿ, ಒಂದೊಂದು ಅಧ್ಯಾಯಕ್ಕೂ ಒಂದೊಂದು ಬಣ್ಣ. ಕಥಾನಾಯಕ ವೆನಿಸ್ ನಗರದ ಹಡಗಿನ ಕಪ್ತಾನ, ಹೆಸರು ಆಲ್ದೊಬ್ರಾಂದೊ. ನಮ್ಮೂರಿಂದ ಸಮುದ್ರಕ್ಕೆ ಬಸ್ಸಿನಲ್ಲಿ ಅರ್ಧ ದಿನದ ಹಾದಿ, ಎದಿಸೋನನಿಗೋ ಬಸ್ಸೆಂದರೆ ವಾಂತಿ. ಆದರೂ ಕಪ್ತಾನನಿಗೆ ಯಾವ ಹಣ್ಣು ಇಷ್ಟ, ಚಿಕ್ಕಂದಿನಲ್ಲಿ ಯಾವ ಅತ್ತೆಗೆ ಹೆದರುತ್ತಿದ್ದ, ಜೇಬಿನಲ್ಲಿ ಏನಿಟ್ಟುಕೊಳ್ಳುತ್ತಿದ್ದ ಎಂಬುದೆಲ್ಲ ಚೀಟಿಯಲ್ಲಿ ತುಂಬಿತ್ತು. ಮೂರು ವರ್ಷ ಹೀಗೆ ನಡೆಯಿತು. ಕಾದಂಬರಿಯ ಒಂದು ಸಾಲೂ ಹುಟ್ಟಲಿಲ್ಲ.

ಅವನ ಹೆಂಡತಿ ಸುಲ್ಮಾ ಒಮ್ಮೆ ಗಿರಾಕಿಗಳ ಎದುರಿಗೇ ಅಂದಳು: “ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲ್ಸೋರನ್ನ ನೋಡಿದೀನಿ, ಎದಿ. ನೀನು ಕೂಸಿನ ಮೊಮ್ಮಕ್ಕಳಿಗೂ ಹೊಲ್ಸಿಟ್ಟಿದೀಯಲ್ಲೋ!”

ಆ ಮಾತು ನಾಟಿತು. ಮರುದಿನ ಬೆಳಿಗ್ಗೆ ಅಂಗಡಿ ತೆರೆದವನೇ ಸಾಫ್ಟ್‌ವೇರಿನ ಬೀಗ ಹಾಕಿದ. ಸೋಮಾರಿ ಲೇಖಕರಿಗೆಂದೇ ಮಾಡಿದ ಬೀಗ ಅದು. ಐನೂರು ಪದ ಬರೆಯುವವರೆಗೆ ಕಂಪ್ಯೂಟರ್ ಬೇರೇನನ್ನೂ ತೆರೆಯುವುದಿಲ್ಲ. ಆರಿಸಿ ಹಾಕಿದರೂ ಅದೇ ಬಿಳಿ ಹಾಳೆ. ಔಷಧಿಗಳ ಬೆಲೆ, ದಾಸ್ತಾನು, ಬಿಲ್ಲು ಎಲ್ಲವೂ ಅದೇ ಕಂಪ್ಯೂಟರಿನೊಳಗೆ ಇವೆ ಎಂಬುದು ಹೊಳೆದದ್ದು ಗಿರಾಕಿಗಳ ಸಾಲು ಬಾಗಿಲಾಚೆ ಬೆಳೆದ ಮೇಲೆ.

ಮುಂದೆ ನಿಂತಿದ್ದವಳು ಹಾಲಿನ ಒದೀಲಿಯಾ. “ನನ್ನ ಹಸು ಕೆಚ್ಚಲು ಊದಿ ಒದ್ದಾಡ್ತಿದೆ ಕಣಯ್ಯಾ. ಬೇಗ ಮುಗ್ಸು ನಿನ್ ಪುರಾಣ!”

“ಬರ್ತಾ ಇಲ್ಲ, ಒದೀಲಿಯಾ.”

“ಒಂದೇ ಪದ ಐನೂರು ಸಲ ಕುಟ್ಟೋ,” ಎಂದು ಹಿಂದಿನಿಂದ ಕುರಿ ಸಾಕುವ ಫಗುಂದೆಸ್ ಕೂಗಿದ.

“ಅದನ್ನ ಲೆಕ್ಕಕ್ಕೆ ತಗೊಳಲ್ಲ. ಜಾಣ ಸಾಫ್ಟ್‌ವೇರು.”

“ಹಾಗಿದ್ರೆ ಬರ್ಕೋ,” ಎಂದಳು ಒದೀಲಿಯಾ, ಸೊಂಟದ ಮೇಲೆ ಕೈಯಿಟ್ಟು. “ನನ್ ಗಂಡ ಮನೆ ಬಿಟ್ಟು ಹೋದ ದಿನಾನೇ ನಮ್ ಕೆಂದಿ ಹಳ್ಳಕ್ಕೆ ಬಿತ್ತು. ಊರಿಗ್ ಊರೇ ಹಗ್ಗ ತಗೊಂಡ್ ಓಡ್ಬಂತು. ಹಸು ಎತ್ತಿದ್ರು. ಗಂಡನ್ನ ಯಾರೂ ಕೇಳ್ಲೇ ಇಲ್ಲ. ನಾನೂ ಎರಡು ದಿನ ಆದ್ಮೇಲೆ ನೋಡ್ಕೊಂಡೆ, ಅವನ ಬೂಟ್ಸಿಲ್ಲ ಅಂತ.”

ಎದಿಸೋನ್ ಬಡಬಡನೆ ಕುಟ್ಟಿದ. ಫಗುಂದೆಸ್ ತನ್ನ ಮಾವ ಗಡಿಯಾಚೆಯಿಂದ ಸಕ್ಕರೆ ಕದ್ದು ತರುವಾಗ ಮಳೆ ಹಿಡಿದು, ಗಡಿಯೂರು ರಿವೇರಾ ಮುಟ್ಟುವಷ್ಟರಲ್ಲಿ ಕುದುರೆಯ ಬೆನ್ನೆಲ್ಲ ಪಾಕವಾಗಿದ್ದನ್ನು ಹೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೀಗ ತೆರೆಯಿತು, ಹಸುವಿಗೆ ಮದ್ದು ಸಿಕ್ಕಿತು.

ಅಲ್ಲಿಂದ ಅದೇ ರೂಢಿಯಾಯಿತು. ಬೆಳಗಾದರೆ ಜನ ‘ಮಾತೆ’ ಎಂಬ ಎಲೆಯ ಕಷಾಯ ಕುಡಿಯುವ ಸೋರೆಬುರುಡೆ, ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಂದು ಸಾಲು ಹಚ್ಚುತ್ತಿದ್ದರು. ದನ ಇಲ್ಲದವರೂ ಬಂದರು. ನನ್ನ ಬೇಕರಿಯ ಬಿಸ್ಕತ್ತೂ ಚೆನ್ನಾಗಿ ಹೋಯಿತು. ನಾನೂ ಒಂದು ದಿನ ನನ್ನ ಮದುವೆಯ ಕೇಕು ನಾಯಿಯ ಪಾಲಾದದ್ದನ್ನು ಬರೆಸಿದೆ. ಸುಲ್ಮಾ ಸಂಜೆಗಳಲ್ಲಿ ಅದನ್ನೆಲ್ಲ ಓದಿ, “ಇದು ಪುಸ್ತಕ ಆಗತ್ತೆ ಎದಿ, ನಿಜವಾಗ್ಲೂ ಆಗತ್ತೆ,” ಎನ್ನುತ್ತಿದ್ದಳು. ಆಗ ಅವಳ ಮುಖದಲ್ಲಿ ಗಂಡನ ಬಗ್ಗೆ ಒಂದಿಷ್ಟು ಹೆಮ್ಮೆ ಕಂಡದ್ದುಂಟು.

ಚಳಿಗಾಲ ಮುಗಿಯುವ ಹೊತ್ತಿಗೆ ಪದಗಳು ಒಂದು ಪುಸ್ತಕಕ್ಕಾಗುವಷ್ಟಾದವು. ಎದಿಸೋನ್ ಸಾಫ್ಟ್‌ವೇರಿಗೆ ಕಥೆಯನ್ನು ಪರೀಕ್ಷೆ ಮಾಡಲು ಹೇಳಿದ. ಪರದೆ ತುಂಬ ಕೆಂಪು. ಒದೀಲಿಯಾ ಎಂಬ ಪಾತ್ರಕ್ಕೆ ಚೀಟಿ ಇಲ್ಲ. ಹಸುವಿಗೆ ಗುರಿ ಇಲ್ಲ. ಕಥಾನಾಯಕ ಕಪ್ತಾನ ಕಾಣೆಯಾಗಿದ್ದಾನೆ.

ಎದಿಸೋನ್ ಕೆಂಪಾದದ್ದನ್ನೆಲ್ಲ ಅಳಿಸಿದ, ಒಂದು ಪ್ರತಿಯನ್ನೂ ಉಳಿಸಿಕೊಳ್ಳದೆ. ಆ ಜಾಗದಲ್ಲಿ ಚೀಟಿ ನೋಡಿಕೊಂಡು, ಬಣ್ಣ ನೋಡಿಕೊಂಡು ಕಪ್ತಾನನನ್ನು ತುಂಬಿದ. ಪರದೆ ಹಸಿರಾಯಿತು. ಗೆದ್ದೆನೆಂದುಕೊಂಡ.

ಕ್ಲಬ್ಬಿನಲ್ಲಿ ಪುಸ್ತಕ ಬಿಡುಗಡೆಯ ದಿನ ಊರೇ ನೆರೆದಿತ್ತು. ಒದೀಲಿಯಾ ಹೊಸ ಕೋಟು ಹಾಕಿದ್ದಳು. ಫಗುಂದೆಸ್ ಮಾವನನ್ನೇ ಕರೆತಂದಿದ್ದ. ಎದಿಸೋನ್ ಗಂಟಲು ಸರಿಮಾಡಿಕೊಂಡು ಓದತೊಡಗಿದ. ಕಪ್ತಾನ ಕಿಟಕಿಯಿಂದ ಸಮುದ್ರ ನೋಡಿದ. ಅಂಜೂರ ತಿಂದ. ಅತ್ತೆಯನ್ನು ನೆನೆದು ನಡುಗಿದ. ಮತ್ತೆ ಸಮುದ್ರ ನೋಡಿದ. ಫಗುಂದೆಸನ ಮಾವನ ಗೊರಕೆ ಹಿಂದಿನ ಸಾಲಿನವರೆಗೂ ಕೇಳಿತು.

ಒದೀಲಿಯಾ ಎದ್ದು ನಿಂತಳು. “ನನ್ ಕೆಂದಿ ಎಲ್ಲೋ?”

“ಅದು ಕಥೆಯ ಯೋಜನೆಯಲ್ಲಿ ಇರ್ಲಿಲ್ಲ, ಒದೀಲಿಯಾ.”

“ಹಳ್ಳಕ್ಕೆ ಬೀಳೋದು ಅದರ ಯೋಜನೆಯಲ್ಲೂ ಇರ್ಲಿಲ್ಲ ಕಣೋ, ಅಡ್ನಾಡಿ! ಆದ್ರೂ ಬಿತ್ತು!”

“ನಿಮ್ಗೆಲ್ಲ ಸಾಹಿತ್ಯದ ರಚನೆ ಅರ್ಥ ಆಗಲ್ಲ,” ಎಂದ ಎದಿಸೋನ್. ಅಷ್ಟು ಹೇಳದಿದ್ದರೆ ಜನ ಮರೆತುಬಿಡುತ್ತಿದ್ದರೋ ಏನೋ. ಸುಲ್ಮಾ ತಲೆ ಎತ್ತಲಿಲ್ಲ. ಮನೆಗೆ ಹೋಗುವಾಗ ಅವನಿಗಿಂತ ಬಹಳ ಮುಂದೆ, ಒಬ್ಬಳೇ ನಡೆದಳು.

ಮಾರನೆಯ ವಾರ ಅವಳು ಅಂಗಡಿಗೆ ಬೇರೆ ಕಂಪ್ಯೂಟರ್ ತರಿಸಿದಳು. ಗಂಡನನ್ನೂ ಅವನ ಬಿಳಿ ಹಾಳೆಯನ್ನೂ ಹಿಂದಿನ ಗೋದಾಮಿಗೆ ಸಾಗಿಸಿದಳು. ಅಲ್ಲಿ ಕುರಿಯ ಮದ್ದಿನ ವಾಸನೆಯ ನಡುವೆ ಅವನು ಎರಡನೇ ಸಂಪುಟಕ್ಕೆ ಚೀಟಿ ತುಂಬುತ್ತಿದ್ದಾನೆ. ಊರಿಗೆ ಹೊಟ್ಟೆಯುರಿ ಎಂಬುದು ಅವನ ದೃಢ ನಂಬಿಕೆ. ಮೊದಲ ಸಂಪುಟದ ಪ್ರತಿ ಎಲ್ಲರ ಮನೆಯಲ್ಲೂ ಇದೆ, ಪುಕ್ಕಟೆ ಕೊಟ್ಟದ್ದು. “ಎಲ್ಲೀವರೆಗೆ ಓದಿದ್ರಿ?” ಎಂದು ಕೇಳಿಬಿಟ್ಟಾನೆಂಬ ಭಯಕ್ಕೆ ಗಿರಾಕಿಗಳು ಗೋದಾಮಿನ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡೇ ಒಳಗೆ ಕಾಲಿಡುತ್ತಾರೆ.

ಮೊನ್ನೆ ಊರಿಗೆ ಹೊಸಬನಾದ ಪಶುವೈದ್ಯನೊಬ್ಬ, ಪಾಪ, ಏನೂ ಅರಿಯದೆ ಆ ಬಾಗಿಲು ತಳ್ಳಿ, “ನೀವು ಬರೀತೀರಂತೆ, ಏನ್ ಕಥೆ ಅದು?” ಎಂದ. ನಾನು ಬಿಸ್ಕತ್ತು ಕೊಡಲು ಹೋಗಿದ್ದೆ. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬುರುಡೆ, ಫ್ಲಾಸ್ಕ್ ಎತ್ತಿಕೊಂಡರು, ಸದ್ದಿಲ್ಲದೆ ಬೀದಿಗಿಳಿದರು. ಒಳಗಿನಿಂದ ಎದಿಸೋನ್ ಕುರ್ಚಿ ಎಳೆದು ಹಾಕುವ ಸದ್ದು ಕೇಳಿತು.

“ಕೂತ್ಕೊಳ್ಳಿ ಡಾಕ್ಟ್ರೇ, ಮೊದಲಿಂದ ಹೇಳ್ತೀನಿ.”